ಮಣ್ಣಿನ ಕುಂಟೆತ್ತೂ ಮನೆಯ ಕುಂಟಗರುವೂ

ಮಣ್ಣೆತ್ತಿನ ಅಮಾವಾಸ್ಯೆಯನ್ನು ಅರಿಯದ ಮನೆಯು ಧಾರವಾಡ ಜಿಲ್ಹೆಯ ಎರೆಸೀಮೆಯಲ್ಲಿ ದೊರೆಯಲಿಕ್ಕಿಲ್ಲ. ಜ್ಯೇಷ್ಠಮಾಸದ ಕೊನೆಯ ಆ ದಿನ ಜಿಗಟು ಮಣ್ಣನ್ನು ತಂದು ಜೋಡೆತ್ತುಗಳನ್ನು ಮಾಡಿ, ಅವುಗಳ ಮುಂದೆ ಪುಟ್ಟ ಗೋದಲಿಯನ್ನು ಕಟ್ಟಿ, ಜಗಲಿಯ ಮೇಲಿಟ್ಟು ಪೂಜಿಸಿ ನೈವೇದ್ಯ ತೋರಿಸುವದು ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಹಳ್ಳಿಗಳಲ್ಲಿ ಇಂದಿಗೂ ನಡೆದು ಬಂದ ರೂಢಿ. ಹಬ್ಬದ ಬೆನ್ನಿಗೆ ಹುಡುಗರದೊಂದು ಮೆರವಣಿಗೆ ಹೊರಡುವದು. ಅವರು ಮಣ್ಣಿನಿಂದ ಕುಂಟೆತ್ತೊಂದನ್ನು ಮಾಡಿ, ಹಲಗೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದಿದೆ, ಜೋಳ ನೀಡಿರೆಂದು ಹಾಡುತ್ತ ಮನೆಮನೆಯ ಬಾಗಿಲಿಗೆ ಬರುವರು. ಮನೆಯ ಒಡತಿಯು ಒಳಗಿನಿಂದ ಮೊರದಲ್ಲಿ ಜೋಳ ತಂದು ನಗುತ್ತ ಸುರಿಯುವಳು. ಕಾಲಿಲ್ಲದ ಎತ್ತಿಗೂ ಊರ ಕಾಳಿನಲ್ಲಿ ಪಾಲುಂಟೆಂಬ ಮಾತನ್ನು ಈ ನಾಡು ತನ್ನ ಮಕ್ಕಳ ಬಾಯಿಂದ ಆಡಿಸುತ್ತ ಬಂದಿದೆ.

ಅದೇ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಆಕಳೊಂದು ಮುಂಗಾಲು ಸೊಟ್ಟಗಾದ ಕರುವನ್ನು ಈದಿತೆನ್ನಿರಿ. ಆಗ ಕೇಳಿ ಬರುವ ಮಾತುಗಳೇ ಬೇರೆ. ನೆರೆಯವಳು ಬಂದು ನೋಡಿ, "ಗ್ರಹಣ ಹಿಡದೈತಿ ನೋಡವ್ವಾ" ಎನ್ನುವಳು. ಹಿರಿಯರೊಬ್ಬರು, "ಇಂಥಾದ್ದು ಮನ್ಯಾಗ ಇರಬಾರದು, ಗುಡಿಗೆ ಬಿಟ್ಟು ಬರ್ರಿ" ಎಂದು ತೀರ್ಪು ಕೊಡುವರು. ಪೇಟೆಯಲ್ಲಿ ನೌಕರಿಗಿರುವ ಓದಿದ ಮಗನು ಫೋನಿನಲ್ಲಿ, "ಅಪ್ಪಾ, ಅದರಿಂದ ನಮಗೇನ ಉಪಯೋಗ ಐತ್ರಿ? ಸುಮ್ಮನ ಖರ್ಚು" ಎಂದು ಲೆಕ್ಕ ಹೇಳುವನು. ಮೂವರ ಬುದ್ಧಿಯೂ ಮೂರು ದಾರಿ ಹಿಡಿದರೂ ಕರುವಿನ ಪಾಲಿಗೆ ಮೂರೂ ಒಂದೇ ಊರಿಗೆ ಮುಟ್ಟುತ್ತವೆ. ಎರಡನೆಯ ದಿನವೋ ಮೂರನೆಯ ದಿನವೋ ಅದು ಸಾಯುವದು. ಸಾಯದಿದ್ದರೆ ಗುಡಿಯ ಹಿಂದಿನ ಬಯಲಿಗೆ ಹೋಗುವದು. ಅಲ್ಲಿಯ ನಾಯಿಗಳು ಮುಂದಿನದನ್ನು ನೋಡಿಕೊಳ್ಳುವವು. ಮನೆಯವರು, "ಅದರ ಆಯುಷ್ಯ ಅಷ್ಟೇ ಇತ್ತು" ಎಂದು ಕೈ ತೊಳೆದುಕೊಳ್ಳುವರು.

ಈ ಆಯುಷ್ಯದ ಮಾತು ಶುದ್ಧ ಸುಳ್ಳೆಂಬುದನ್ನು ಸುಶಿಕ್ಷಿತ ಮನೆತನಗಳಾದರೂ ಅರಿಯತಕ್ಕದ್ದು. ಸೊಟ್ಟಗಾಲಿನ ಕರು ಕಾಲಿನ ದೆಸೆಯಿಂದ ಸಾಯುವದು ಅಪರೂಪ. ಅದು ಸಾಯುವದು ಹಸಿವೆಯಿಂದ, ಅದೂ ಹಾಲು ತುಂಬಿದ ಕೆಚ್ಚಲಿನ ಒಂದು ಮೊಳದ ಅಂತರದಲ್ಲಿ. ಕಾಲೂರಿ ನಿಲ್ಲಲಾರದ ಕರುವು ತಾಯಿಯ ಮೊಲೆಗೆ ಬಾಯಿ ಹಾಕಲಾರದು. ದನಗಳ ಜಾತಿಯಲ್ಲಿ ರೋಗವನ್ನು ತಡೆಯುವ ಶಕ್ತಿಯು ಗರ್ಭದಲ್ಲಿ ತಾಯಿಯಿಂದ ಕರುವಿಗೆ ಇಳಿದು ಬರುವದಿಲ್ಲ; ಈದ ಮೇಲೆ ಗಿಣ್ಣದ ಹಾಲಿನ ಮೂಲಕವೇ ಬರತಕ್ಕದ್ದು. ಆ ಹಾಲಿನ ಸತ್ತ್ವವನ್ನು ಕರುವಿನ ಕರುಳು ಮೊದಲಿನ ಕೆಲವು ತಾಸುಗಳಲ್ಲಿ ಚೆನ್ನಾಗಿ ಹೀರಿಕೊಳ್ಳುವದು. ತಾಸು ಕಳೆದಂತೆ ಆ ಶಕ್ತಿ ಕುಗ್ಗುತ್ತ ಹೋಗಿ, ಒಂದು ಹಗಲು ಒಂದು ರಾತ್ರಿ ಕಳೆಯುವದರೊಳಗೆ ಬಹುತರ ನಿಂತೇ ಹೋಗುವದು. ಇಪ್ಪತ್ತು ಕಿಲೋ ತೂಕದ ಕರುವಿಗೆ ಮೊದಲ ದಿನ ಎರಡು ಲೀಟರಿನಷ್ಟಾದರೂ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. ನಿಲ್ಲಲಾರದ ಕರುವಿಗೆ ಅದನ್ನು ಹಿಂಡಿ ಕುಡಿಸಬೇಕು. ಇಷ್ಟನ್ನು ಮಾಡದೆ ಬಿಟ್ಟರೆ ಹೊಕ್ಕುಳು ಬಾತು, ಕೀಲುಗಳಲ್ಲಿ ಕೀವು ತುಂಬಿ ಕರು ಸಾಯುವದು. ಜನರು ಸೊಟ್ಟಗಾದ ಕಾಲನ್ನು ನೋಡುವರೇ ಹೊರತು ಒಣಗಿದ ಬಾಯಿಯನ್ನು ನೋಡುವದಿಲ್ಲ.

ಇದರ ಜೊತೆಗೆ ಇನ್ನೊಂದು ರೂಢಿಯನ್ನೂ ಹೇಳದೆ ತೀರದು. ಮಾಸು ಬೀಳುವವರೆಗೆ ಕರುವಿಗೆ ಮೊಲೆ ಕೊಡಬಾರದೆಂದು ಅನೇಕ ಮನೆಗಳಲ್ಲಿ ಕಾಯುತ್ತ ಕುಳಿತಿರುವದುಂಟು. ಕರು ಮೊಲೆ ಚೀಪಿದರೆ ಮಾಸು ಬೇಗ ಬೀಳಲು ಸಹಾಯವಾಗುವದಲ್ಲದೆ ತೊಂದರೆಯೇನೂ ಇಲ್ಲ. ಗಟ್ಟಿಮುಟ್ಟಾದ ಕರು ಈ ಕಾಯುವಿಕೆಯನ್ನು ಹೇಗೋ ತಾಳಿಕೊಳ್ಳಬಹುದು, ಕುಂಟಗರು ತಾಳದು. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಬೆಲ್ಲ ಏಲಕ್ಕಿ ಹಾಕಿದ ಗಿಣ್ಣವು ಬೆಂದು ಓಣಿಯ ಹತ್ತು ಮನೆಗಳಿಗೆ ಹಂಚಿ ಹೋಗಿರುವದು. ಹತ್ತು ಮನೆಯವರು ಉಂಡು ಬಾಯಿ ಒರೆಸಿಕೊಂಡ ಆ ಹಾಲಿನಲ್ಲಿ ಒಂದು ಜೀವದ ಆಯುಷ್ಯವಿತ್ತು. ಗಿಣ್ಣದ ಮೇಲೆ ಇಲ್ಲಿ ಯಾರಿಗೂ ದ್ವೇಷವಿಲ್ಲ. ಕರು ತೃಪ್ತಿಯಾಗಿ ಕುಡಿದು ಉಳಿದದ್ದನ್ನು ಮನೆಯವರು ಧಾರಾಳವಾಗಿ ತಿನ್ನಲಿ.

ಹೊಟ್ಟೆಗೆ ಹಾಲು ಬಿದ್ದ ಮೇಲೆ ಕಾಲಿನ ವಿಚಾರ. ಕರುಗಳ ಕಾಲು ಸೊಟ್ಟಗಿರುವದರಲ್ಲಿ ಹೆಚ್ಚಾಗಿ ಕಾಣುವದು ಹಿಂಬದಿಯ ಸ್ನಾಯುರಜ್ಜುಗಳು ಬಿಗಿದು ಗಿಡ್ಡಾಗಿ, ಗೊರಸಿನ ಮೇಲಿನ ಗೆಣ್ಣು ಮುಂದಕ್ಕೆ ಮಡಚಿಕೊಂಡಿರುವ ದೋಷ. ಕರು ಗೊರಸಿನ ಬದಲು ಗೆಣ್ಣಿನ ಮೇಲೆ ಊರಿ ನಿಲ್ಲಹೋಗಿ ಚರ್ಮ ಸುಲಿದುಕೊಳ್ಳುವದು. ಇದು ವಾಸಿಯಾಗುವದೋ ಇಲ್ಲವೋ ಎಂಬುದನ್ನು ಮನೆಯವರೇ ಒಂದಿಷ್ಟು ಪರೀಕ್ಷಿಸಬಹುದು. ಕರುವನ್ನು ಮಲಗಿಸಿ, ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಚಾಚಿದಾಗ ಅದು ನೆಟ್ಟಗಾಗುವದಾದರೆ ಆಸೆಗೆ ಬಲವಾದ ಕಾರಣವಿದೆ. ಸೌಮ್ಯವಾದ ದೋಷವಿದ್ದರೆ, ಜಾರದ ಒಣ ನೆಲದ ಮೇಲೆ ಅಡ್ಡಾಡಿಸುತ್ತ ದಿನಕ್ಕೆ ನಾಲ್ಕಾರು ಸಲ ಕಾಲು ಚಾಚಿಸುತ್ತಿದ್ದರೆ, ಕೆಲವು ದಿನಗಳಲ್ಲಿ ತಾನೇ ಸರಿಹೋಗುವದುಂಟು. ಅದಕ್ಕೂ ಮಿಗಿಲಾದದ್ದಕ್ಕೆ ಕಾಲಿನ ಸುತ್ತ ಹತ್ತಿಯನ್ನು ದಪ್ಪನಾಗಿ ಸುತ್ತಿ, ಬಿದಿರಿನ ದಬ್ಬೆಯನ್ನೋ ಸೀಳಿದ ಪ್ಲಾಸ್ಟಿಕ್ ಕೊಳವೆಯನ್ನೋ ಆಧಾರವಾಗಿಟ್ಟು ಪಟ್ಟಿ ಕಟ್ಟಬೇಕು. ಪ್ರತಿದಿನ ಬಿಚ್ಚಿ ನೋಡಬೇಕು. ಗೊರಸು ತಣ್ಣಗಾಗಿದ್ದರೆ, ಬಾವು ಬಂದಿದ್ದರೆ, ಕಟ್ಟು ಬಿಗಿಯಾಯಿತೆಂದು ತಿಳಿಯಬೇಕು. ಹಗ್ಗದಿಂದ ಬಿಗಿದು ವಾರಗಟ್ಟಲೆ ಮರೆತುಬಿಟ್ಟು, ಕಾಲು ಕೊಳೆತ ಮೇಲೆ "ಕಟ್ಟಿ ನೋಡಿದಿವಿ, ಆಗಲಿಲ್ಲ" ಎನ್ನುವವರೂ ಇದ್ದಾರೆ. ಮೊದಲ ಕಟ್ಟನ್ನು ಪಶುವೈದ್ಯರ ಕೈಯಿಂದ ಹಾಕಿಸುವದೇ ಮೇಲು. ಕೈಯಿಂದ ಚಾಚಿದರೂ ನೆಟ್ಟಗಾಗದ ಕಾಲಿಗೆ ಶಸ್ತ್ರಕ್ರಿಯೆಯುಂಟು. ಬಿಗಿದ ರಜ್ಜುವನ್ನು ಕತ್ತರಿಸಿ ಕಾಲನ್ನು ಬಿಡಿಸುವರು. ಇವೆಲ್ಲಕ್ಕೂ ಮೊದಲಿನ ದಿನಗಳೇ ಸುಸಮಯ. ಎಳೆಯ ಬಳ್ಳಿಯಂತಿದ್ದ ಕಾಲು ತಿಂಗಳೊಪ್ಪತ್ತಿನಲ್ಲಿ ಕಟ್ಟಿಗೆಯಾಗುವದು. ಕಾಯ್ದ ಕಬ್ಬಿಣದಿಂದ ಬರೆ ಹಾಕುವ ಚಿಕಿತ್ಸೆಯೊಂದು ಹಳ್ಳಿಗಳಲ್ಲಿ ಉಳಿದುಬಂದಿದೆ. ಅದರಿಂದ ಸೊಟ್ಟಗಾಲು ನೆಟ್ಟಗಾಗುವದಿಲ್ಲ, ಸೊಟ್ಟಗಾಲಿನ ಮೇಲೆ ಒಂದು ಹುಣ್ಣಾಗುವದು, ಅಷ್ಟೇ.

ಇನ್ನು ಗ್ರಹಣದ ವಾದ. ಗ್ರಹಣವು ಹಿಡಿಯುವದಾದರೆ ಊರಿನ ಗಬ್ಬದ ದನಗಳನ್ನೆಲ್ಲ ಹಿಡಿಯಬೇಕಲ್ಲದೆ ಒಂದು ಮನೆಯ ಒಂದು ಆಕಳನ್ನೇ ಹುಡುಕಿಕೊಂಡು ಬರಲಾರದು. ಪಂಚಾಂಗದಲ್ಲಿ ಗ್ರಹಣವಿಲ್ಲದ ವರ್ಷದಲ್ಲಿಯೂ ಸೊಟ್ಟಗರುಗಳು ಹುಟ್ಟುವವು. ಗರ್ಭದಲ್ಲಿ ಕಾಲು ಕೆಡಲು ಕಾರಣಗಳು ಹಲವು: ವಂಶದೋಷ, ದೊಡ್ಡ ಕರು ಇಕ್ಕಟ್ಟಾದ ಗರ್ಭದಲ್ಲಿ ಬೆಳೆಯುವದು, ತಾಯಿಯ ಮೇವಿನಲ್ಲಿ ಖನಿಜಗಳ ಕೊರತೆ, ಸೋಂಕು, ವಿಷದ ಗಿಡ. ಜಪಾನದ ಅಕಬಾನೆ ಎಂಬ ಊರಿನಲ್ಲಿ 1959ರಲ್ಲಿ ಸೊಳ್ಳೆಗಳಿಂದ ಬೇರ್ಪಡಿಸಿದ ವಿಷಾಣುವೊಂದು ಗಬ್ಬದ ದನಗಳನ್ನು ಸೇರಿ, ಕೀಲು ಬಿಗಿದ ಕರುಗಳು ಹುಟ್ಟಲು ಕಾರಣವಾಗುವದೆಂದು ಸಿದ್ಧವಾಗಿದೆ. ಅಮೇರಿಕೆಯ ಪಶ್ಚಿಮ ಸೀಮೆಯಲ್ಲಿ ಲ್ಯುಪಿನ್ ಎಂಬ ಗಿಡವನ್ನು ಗಬ್ಬದ ಎರಡನೆಯ ಮೂರನೆಯ ತಿಂಗಳಲ್ಲಿ ಮೇಯ್ದ ಆಕಳುಗಳು ಸೊಟ್ಟಗಾಲಿನ ಕರುಗಳನ್ನು ಈಯುತ್ತವೆ. ಅದೇ ದೇಶದ ಮಿನೆಸೋಟಾ ಸಂಸ್ಥಾನದಲ್ಲಿ 1995ರಲ್ಲಿ ಶಾಲೆಯ ಮಕ್ಕಳು ಹೊರಸಂಚಾರಕ್ಕೆ ಹೋದಾಗ ಕಾಲುಗೆಟ್ಟ ಕಪ್ಪೆಗಳನ್ನು ಗುಂಪುಗುಂಪಾಗಿ ಕಂಡರು. ಆ ಮಕ್ಕಳಿಗೆ ಅಪಶಕುನವೆಂದು ಹೇಳಿ ಮನೆಗೆ ಕಳಿಸುವ ಗುರುಗಳು ಅಲ್ಲಿರಲಿಲ್ಲವೆಂಬುದು ಸುದೈವ. ಪಂಡಿತರು ಆ ವಿಷಯದ ಬೆನ್ನು ಹತ್ತಿ, ಕಪ್ಪೆಮರಿಗಳ ಎಳೆಗಾಲನ್ನು ಹೊಕ್ಕು ಕೆಡಿಸುವ ಹುಳುವೊಂದನ್ನು 1999ರ ಹೊತ್ತಿಗೆ ತೋರಿಸಿಕೊಟ್ಟರು. ನಮ್ಮ ಶಿವಮೊಗ್ಗೆಯ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರೂ ಸಹ್ಯಾದ್ರಿಯ ನಡುಭಾಗದ ಹೊಲಗದ್ದೆಗಳ ಕಪ್ಪೆಗಳಲ್ಲಿ ಇಂಥ ಅಂಗದೋಷಗಳನ್ನು ಕಂಡು 2007ರಲ್ಲಿ ಪ್ರಕಟಿಸಿದ್ದಾರೆ. ಕಲಘಟಗಿಯ ಭತ್ತದ ಗದ್ದೆಗಳು ಆ ಸೀಮೆಯ ಅಂಚಿಗೇ ಇವೆ. ಕೆಟ್ಟ ಕಾಲು ಎಂಬುದು ನೀರು, ನೆಲ, ಮೇವುಗಳ ವಿಷಯವಾಗಿ ಪ್ರಕೃತಿಯು ಬರೆದು ಕಳಿಸಿದ ಓಲೆ. ಅದನ್ನು ಓದದೆ ಹೊಳೆಗೆ ಎಸೆಯುವವರು ಮುಂದಿನ ವರ್ಷ ಮತ್ತೊಂದು ಓಲೆಗೆ ಕಾಯಬೇಕಾಗುವದು.

ಮನೆಯಲ್ಲಿ ಅಂಗಹೀನ ಪಶುವಿರುವದು ಅಶುಭವೆಂದು ಹೇಳುವ ಹಿರಿಯರು ಶಾಸ್ತ್ರದ ಹೆಸರನ್ನು ತೆಗೆಯುವರು. ಆದಕಾರಣ ಶಾಸ್ತ್ರವನ್ನೇ ನೋಡೋಣವಾಗಲಿ. ಪರಾಶರಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಕೃಷಿಧರ್ಮವನ್ನು ಹೇಳುವಾಗ, ಹಸಿದ, ನೀರಡಿಸಿದ, ದಣಿದ ಎತ್ತನ್ನು ಹೂಡಬಾರದೆಂದೂ, ಹೀನಾಂಗವೂ ರೋಗಿಯೂ ಆದ ಎತ್ತಿನಿಂದ ದುಡಿಸಬಾರದೆಂದೂ ನಿಷೇಧವಿದೆ. ಗಟ್ಟಿಮುಟ್ಟಾದ ಎತ್ತನ್ನಾದರೂ ಅರ್ಧದಿನ ಮಾತ್ರ ದುಡಿಸಬೇಕೆಂಬ ಕಟ್ಟು ಅದರ ಹಿಂದೆಯೇ ಬರುತ್ತದೆ. ವಿಜಯನಗರದ ಕಾಲದ ಮಾಧವಾಚಾರ್ಯರು ವಿಸ್ತಾರವಾಗಿ ವ್ಯಾಖ್ಯಾನಿಸಿದ ಸ್ಮೃತಿ ಇದು. ಇಲ್ಲಿ ನಿಷೇಧವಿರುವದು ಹೂಡುವದಕ್ಕೆ, ಸಾಕುವದಕ್ಕಲ್ಲ. ಮೀಮಾಂಸೆಯ ಮೊದಲ ಪಾಠಗಳನ್ನು ಓದಿದ ವಿದ್ಯಾರ್ಥಿಯೂ ನಿಷೇಧವನ್ನು ಅದು ಹೇಳಿದ ಕ್ರಿಯೆಯ ಆಚೆಗೆ ಎಳೆಯಲಾರನು. ನೊಗಕ್ಕೆ ಹಚ್ಚಬೇಡವೆಂದು ಹೇಳಿದ್ದನ್ನು ಮನೆಯಿಂದ ಹೊರಗೆ ಹಾಕೆಂದು ಓದುವವರು ಪರಾಶರರ ಬಾಯಲ್ಲಿ ತಮ್ಮ ಮಾತನ್ನು ತುರುಕುತ್ತಾರೆ. ಅಂಗಹೀನವಾದ ಪಶು ಯಜ್ಞಕ್ಕೂ ದಾನಕ್ಕೂ ಬಾರದೆಂಬುದು ಸರಿ. ಅದರ ಅರ್ಥವನ್ನಾದರೂ ವಿಚಾರಿಸಿರಿ. ದಾನ ಕೊಡಬಾರದೆಂದ ಮೇಲೆ ಅದನ್ನು ಇನ್ನೊಬ್ಬರ ಕೊರಳಿಗೆ ಕಟ್ಟುವ ದಾರಿ ಮುಚ್ಚಿತು. ದುಡಿಸಬಾರದೆಂದ ಮೇಲೆ ಹಿಂಡಿಕೊಳ್ಳುವ ದಾರಿಯೂ ಮುಚ್ಚಿತು. ಉಳಿದವನು ಒಡೆಯನೊಬ್ಬನೇ.

ಕಠೋಪನಿಷತ್ತಿನ ಆರಂಭವನ್ನು ನೆನೆದರೆ ಸಾಕು. ವಾಜಶ್ರವಸನು ಸರ್ವಸ್ವದಾನದ ಹೆಸರಿನಲ್ಲಿ ನೀರು ಕುಡಿದು ಮುಗಿಸಿದ, ಹುಲ್ಲು ಮೇಯ್ದು ಮುಗಿಸಿದ, ಹಾಲು ಬತ್ತಿದ ಆಕಳುಗಳನ್ನು ಋತ್ವಿಜರಿಗೆ ಹೊಡೆದು ಕೊಟ್ಟನು. ಅದನ್ನು ಕಂಡು ನಾಚಿದವನು ಮಗನಾದ ನಚಿಕೇತನು. ಅವನ ಯಮಲೋಕದ ಪ್ರಯಾಣಕ್ಕೆ ಮೂಲವು ಆ ನಾಚಿಕೆ. ಇಂದು ಐದುನೂರು ರೂಪಾಯಿಯ ನೋಟಿನೊಡನೆ ಕುಂಟಗರುವನ್ನು ಮಠದ ಅಂಗಳದಲ್ಲಿ ಕಟ್ಟಿ, "ದೇವರಿಗೆ ಬಿಟ್ಟಿವಿ" ಎಂದು ಕೈಮುಗಿದು ಬರುವ ಮನೆತನಗಳಲ್ಲಿ ವಾಜಶ್ರವಸರು ಸಾಕಷ್ಟಿದ್ದಾರೆ, ನಚಿಕೇತರು ಕಡಿಮೆ. ದೇವರಿಗೆ ಬಿಟ್ಟದ್ದನ್ನು ಮೇಯಿಸುವವರು ಯಾರೆಂದು ಆ ಮಠದ ಆಳನ್ನು ಕೇಳಬೇಕು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮರುಳೂ ಉಂಟು. ಕಾಲು ಕಡಿಮೆಯಾದರೆ ಅಪಶಕುನ, ಹೆಚ್ಚಾದರೆ ಅವತಾರ! ಭುಜದಿಂದಲೋ ಇಣಿಯಿಂದಲೋ ಐದನೆಯ ಕಾಲೊಂದು ಜೋತುಬಿದ್ದಿದ್ದರೆ ಅದಕ್ಕೆ ಜೂಲ ಹೊದಿಸಿ, ಕವಡಿ ಗಂಟೆಗಳನ್ನು ಕಟ್ಟಿ, ಬಸವಣ್ಣನೆಂದು ಸಂತೆಯಿಂದ ಜಾತ್ರೆಗೆ, ಜಾತ್ರೆಯಿಂದ ಪೇಟೆಗೆ ಕಾಯ್ದ ಡಾಂಬರಿನ ಮೇಲೆ ನಡೆಸಿಕೊಂಡು ಹೋಗುವರು. ಆ ಕಾಲು ಗರ್ಭದಲ್ಲಿ ಅವಯವಗಳು ಮೂಡುವಾಗ ಆದ ತಪ್ಪಿನಿಂದ ಬೆಳೆದದ್ದು. ಊರಿ ನಡೆಯಲು ಬಾರದು, ನಡೆಯುವಾಗ ಅಲ್ಲಾಡಿ ತೊಡಕಾಗುವದು. ಪಶುವೈದ್ಯರು ಬಹಳ ಸಲ ಅದನ್ನು ಕತ್ತರಿಸಿ ತೆಗೆದು ಪಶುವನ್ನು ಸುಖಿಯಾಗಿ ಮಾಡಿದ್ದಾರೆ. ಹಣೆ ಮುಟ್ಟಿ ನಮಸ್ಕರಿಸಿ ಹತ್ತು ರೂಪಾಯಿ ಕೊಡುವ ತಾಯಂದಿರು ಆ ಪಶುವಿನ ಗೊರಸನ್ನು ಒಂದು ಸಲ ಬಗ್ಗಿ ನೋಡಲಿ. ಭಕ್ತಿಯಿಂದ ಕೊಟ್ಟ ಆ ಹತ್ತು ರೂಪಾಯಿಯೇ ಅದನ್ನು ಮುಂದಿನ ಊರಿಗೆ ನಡೆಸುವ ಚಬುಕು.

ಮಗನ ಲೆಕ್ಕಕ್ಕೆ ಬರೋಣ, ಏಕೆಂದರೆ ಈ ಕಾಲದಲ್ಲಿ ಗ್ರಹಣಕ್ಕಿಂತ ಲೆಕ್ಕವೇ ಹೆಚ್ಚು ಕರುಗಳನ್ನು ನುಂಗುತ್ತಿದೆ. ಎರಡೆಕರೆಯ ಒಕ್ಕಲಿಗನು, ಮಳೆ ಹೋದ ವರ್ಷ ಕಣಕಿಯ ಸೂಡು ಕೊಳ್ಳಲಾರದೆ ದುಡಿಯುವ ಜೋಡಿಯನ್ನೇ ಮಾರುವವನು, ಕುಂಟಗರುವನ್ನು ಸಾಕಲಾರೆನೆಂದರೆ ಅವನ ಮೇಲೆ ಕಲ್ಲೆಸೆಯುವ ಅಧಿಕಾರ ಯಾರಿಗೂ ಇಲ್ಲ. ಈ ಮಾತುಗಳು ಅವನಿಗಾಗಿ ಬರೆದವಲ್ಲ. ಬಣವಿಯೂ ಪಗಾರವೂ ಎರಡೂ ಇದ್ದು, ಗೋಡೆಯ ಮೇಲೆ ಗೋಪಾಲಕೃಷ್ಣನ ಪಟವಿರುವ ಮನೆಗಳಿಗಾಗಿ. ಟ್ರ್ಯಾಕ್ಟರು ಬಂದ ಮೇಲೆ ಹೋರಿಗರುವೇ ಬೇಡವಾಗಿದೆ. ಕುಂಟ ಹೋರಿಗರುವನ್ನು ಕೇಳುವವರಾರು? 2019ರ ಜಾನುವಾರು ಗಣತಿಯಲ್ಲಿ ದೇಶದ ದನಗಳು ಸುಮಾರು 19 ಕೋಟಿ 25 ಲಕ್ಷ. ಅವುಗಳಲ್ಲಿ ಹೆಣ್ಣು 14 ಕೋಟಿ 51 ಲಕ್ಷ. ಹೆಣ್ಣೂ ಗಂಡೂ ಸರಿಸುಮಾರು ಸಮನಾಗಿ ಹುಟ್ಟುವವು. ಹಾಗಾದರೆ ಉಳಿದ ಗಂಡು ಎಲ್ಲಿ ಹೋದವೆಂಬುದನ್ನು ಲೆಕ್ಕ ಬಲ್ಲವರೇ ಹೇಳಲಿ. ಎಮ್ಮೆಗಳ ಮಾತೂ ಅಷ್ಟೇ. ಧಾರವಾಡಿ ಎಮ್ಮೆಗೆ 2021ರಲ್ಲಿ ಸ್ವತಂತ್ರ ತಳಿಯೆಂಬ ಮನ್ನಣೆ ದೊರೆತಾಗ ಜಿಲ್ಹೆಯೆಲ್ಲ ಹೆಮ್ಮೆಪಟ್ಟಿತು. ಅದರ ಹಾಲಿನ ಪೇಡೆಯನ್ನು ದೇಶಕ್ಕೆಲ್ಲ ಹಂಚಿತು. ಅದರ ಕೋಣಗರುವಿನ ಕಾಲು ಸೊಟ್ಟಗಿದ್ದರೆ ಹೆಮ್ಮೆಯು ಕೊಟ್ಟಿಗೆಯವರೆಗೆ ಬರುವದಿಲ್ಲ.

ಸಾಕುವದು ಲೆಕ್ಕಕ್ಕೆ ವಿರುದ್ಧವೆಂದೇ ಹೇಳುವವರು ಕೌಟಿಲ್ಯನಿಗಿಂತ ದೊಡ್ಡ ಲೆಕ್ಕಿಗರಲ್ಲ. ಮೈಸೂರಿನ ಶಾಮಶಾಸ್ತ್ರಿಗಳು ತಾಳೆಗರಿಯಿಂದ ಹೊರತೆಗೆದು 1909ರಲ್ಲಿ ಅಚ್ಚಿಸಿದ ಅರ್ಥಶಾಸ್ತ್ರದಲ್ಲಿ, ಎರಡನೆಯ ಅಧಿಕರಣದ ಗೋಧ್ಯಕ್ಷಪ್ರಕರಣವನ್ನು ತೆರೆದು ನೋಡಬಹುದು. ಕಾಸುಕಾಸಿಗೂ ತೆರಿಗೆ ಹಾಕಿದ ಆ ಕಠಿಣ ಮಂತ್ರಿಯು ದನಗಳ ವರ್ಗಗಳನ್ನು ಎಣಿಸುವಲ್ಲಿ ಭಗ್ನೋತ್ಸೃಷ್ಟಕವೆಂಬ ಹೆಸರಿನಿಂದ ಒಂದು ವರ್ಗವನ್ನೇ ಮಾಡಿದ್ದಾನೆ. ರೋಗದ ದನ, ಅಂಗವಿಕಲ ದನ, ಒಬ್ಬರ ಕೈಗೆ ಮಾತ್ರ ಹಾಲು ಕೊಡುವದು, ಹಾಲು ಕರೆಯಲು ಕಷ್ಟವಾದದ್ದು, ಕರುವನ್ನು ಕೊಲ್ಲುವದು, ಇಂಥವುಗಳನ್ನು ನೂರರ ಹಿಂಡಾಗಿ ಮಾಡಿ ಗೋವಳರಿಗೆ ಒಪ್ಪಿಸಬೇಕು. ಅವರು ಸಾಕಿ, ಆ ಹಿಂಡಿನ ಯೋಗ್ಯತೆಗೆ ತಕ್ಕಷ್ಟು ಪಾಲನ್ನು ಮಾತ್ರ ಅರಸನಿಗೆ ಕೊಡಬೇಕು. ಎಳೆಯ, ಮುದಿ, ರೋಗದ ದನಗಳಿಗೆ ಗೋವಳರು ಚಿಕಿತ್ಸೆ ಮಾಡತಕ್ಕದ್ದೆಂದೂ ಅಲ್ಲಿಯೇ ವಿಧಿಯಿದೆ. ದಯೆಯ ಮಾತನ್ನಾಡದೆ, ಬರಿ ರಾಜ್ಯದ ಲೆಕ್ಕದಲ್ಲಿಯೇ ಅಂಗವಿಕಲ ಪಶುವಿಗೆ ಅವನು ಒಂದು ಕಟ್ಟೆಯನ್ನು ಕಟ್ಟಿದನು. ಕುಂಟಾದ ಹೆಣ್ಣುಗರು ಬೆಳೆದು ಗಬ್ಬವಾಗಿ ಹಾಲು ಕೊಡಬಲ್ಲದು, ದೋಷವು ವಂಶದ್ದಲ್ಲವೆಂದು ವೈದ್ಯರು ಹೇಳಿದರೆ ಆ ಸಂತತಿಯನ್ನು ಬೆಳೆಸಬಹುದು; ಕುಂಟ ಹೋರಿಯೂ ಸೆಗಣಿ ಗಂಜಲಗಳನ್ನು ಕೊಡದೆ ಇರುವದಿಲ್ಲ. ಗೊಬ್ಬರದ ಚೀಲಕ್ಕೆ ಸಾಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಚೆಗೆ ಪೇಟೆಗಳಲ್ಲಿ ಹೊಸದೊಂದು ಸಾಕುಪ್ರಾಣಿಯ ಹೆಸರು ಕೇಳಿಬರುತ್ತಿದೆ. ಆಕ್ಸೊಲಾಟಲ್ ಎಂಬ ಅದು ಮೆಕ್ಸಿಕೋ ನಗರದ ಬದಿಯ ಸೋಚಿಮಿಲ್ಕೋ ಕಾಲುವೆಗಳ ನೀರಿನ ಪ್ರಾಣಿ, ಕಪ್ಪೆಯ ದಾಯಾದಿ. ಮರಿಯ ರೂಪದಲ್ಲಿಯೇ ಮುದಿಯಾಗುವ, ಕಿವಿರುಗಳನ್ನು ತಲೆಯ ಸುತ್ತ ಗರಿಯಂತೆ ಹೊತ್ತ ಆ ವಿಚಿತ್ರ ಜೀವವನ್ನು 1864ರಲ್ಲಿ ಪ್ಯಾರಿಸಿಗೆ ಒಯ್ದ ಮೇಲೆ ಜಗತ್ತಿನ ಪ್ರಯೋಗಶಾಲೆಗಳೆಲ್ಲ ಸಾಕತೊಡಗಿದವು. ಅದರ ಹುಟ್ಟೂರಿನಲ್ಲಿ ಮಾತ್ರ ಈಗ ಅದು ಅಳಿವಿನ ಅಂಚಿನಲ್ಲಿದೆ. ಅದರ ಕಾಲು ಕತ್ತರಿಸಿದರೆ ಎಲುಬು, ಸ್ನಾಯು, ಬೆರಳುಗಳೊಡನೆ ಮತ್ತೆ ಚಿಗುರುವದು. ಒಮ್ಮೊಮ್ಮೆ, ಒಂದೇ ತೊಟ್ಟಿಯ ಮರಿಗಳು ಒಂದನ್ನೊಂದು ಕಚ್ಚಿದಾಗ, ಚಿಗುರಿದ ಕಾಲು ಸೊಟ್ಟಗಾಗಿಯೋ ಬೆರಳು ಹೆಚ್ಚಾಗಿಯೋ ಬರುವದುಂಟು. ಆಗ ಸಾಕಿದವರು ಅದನ್ನು ಬೇರೆ ತೊಟ್ಟಿಯಲ್ಲಿಟ್ಟು, ನೀರನ್ನು ಹದಿನೆಂಟು ಡಿಗ್ರಿಯ ಆಜುಬಾಜು ತಂಪಾಗಿಟ್ಟು, ಆಹಾರವನ್ನು ಬಾಯಿಯ ಬಳಿಗೆ ಒಯ್ದು ಕೊಟ್ಟು ಉಪಚರಿಸುವರು. ಇದನ್ನು ನೋಡಿ ನಗುವದು ಸಲ್ಲ. ಚೈತ್ರ ವೈಶಾಖಗಳಲ್ಲಿ ನಾಲ್ವತ್ತರ ಹತ್ತಿರಕ್ಕೆ ಕಾಯುವ ನವಲಗುಂದದಂಥ ಊರಿಗೆ ಆ ತಂಪುನೀರಿನ ಜೀವವನ್ನು ತರುವದು ಕ್ರೌರ್ಯವೇ ಸರಿ. ಆದರೆ ಸೊಟ್ಟಗಾಲೊಂದರ ಮುಂದೆ ಬಗ್ಗಿ ಕುಳಿತು ತುತ್ತು ಕೊಡುವ ಆ ಕೈಯಲ್ಲಿ ದೋಷವಿಲ್ಲ.

ಆ ಪ್ರಾಣಿಯನ್ನು ಉದಾಹರಿಸಿ ಕೆಲವರು ವಿಚಿತ್ರವಾಗಿ ವಾದಿಸುವರು: ಅದರ ಕಾಲು ಮತ್ತೆ ಬರುವದು, ಆದ್ದರಿಂದ ಉಪಚಾರಕ್ಕೆ ಫಲವಿದೆ, ಕರುವಿನ ಕಾಲು ಬಾರದು, ಆದ್ದರಿಂದ ಉಪಚಾರವು ವ್ಯರ್ಥ. ತರ್ಕವನ್ನು ತಲೆಕೆಳಗಾಗಿ ನಿಲ್ಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಯಾರ ಕಾಲು ತಾನೇ ಚಿಗುರುವದೋ ಅವರಿಗೆ ಪ್ರಕೃತಿಯೇ ವೈದ್ಯ. ಯಾರದು ಚಿಗುರಲಾರದೋ ಅವರಿಗೆ ಮನುಷ್ಯನ ಕೈ ಬೇಕು. ಸಾವಿರಾರು ವರ್ಷಗಳಿಂದ ಎತ್ತಿನ ಕಾಲಿನ ಮೇಲೆ ನಿಂತು ಅನ್ನ ಉಂಡ ಜನರು ಆ ಕೈಯನ್ನು ಹಿಂದೆಗೆಯುವದಕ್ಕೆ ಪ್ರಕೃತಿಯ ಕುಂಟುನೆಪವನ್ನು ಹೇಳಬಾರದು.

ಕೊನೆಯದಾಗಿ ಮಹಾತ್ಮಾ ಗಾಂಧಿಯವರ ಹೆಸರನ್ನು ಮುಂದೊಡ್ಡುವವರಿದ್ದಾರೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಅಂಗಭಂಗವಾದ ಕರುವೊಂದನ್ನು ಸೂಜಿಮದ್ದಿನಿಂದ ಸಾಯಿಸಲು ಅವರೇ ಒಪ್ಪಿ, ಎದುರಿಗೆ ನಿಂತು ಮಾಡಿಸಿದರೆಂಬುದು ಲೋಕಪ್ರಸಿದ್ಧ. ಅದರಿಂದ ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಬೈಗುಳದ ಪತ್ರಗಳು ಬಂದವು. ಗಾಂಧಿಯವರು ಅದೇ ವರ್ಷ ನವಜೀವನದಲ್ಲಿಯೂ ಯಂಗ್ ಇಂಡಿಯಾದಲ್ಲಿಯೂ ತಮ್ಮ ನಡತೆಯನ್ನು ಸಮರ್ಥಿಸಿ ಬರೆದರು. "ಗಾಂಧಿಯವರೇ ಕೊಲ್ಲಿಸಲಿಲ್ಲವೇ?" ಎನ್ನುವವರು ಕಥೆಯ ಮೊದಲರ್ಧವನ್ನು ನುಂಗಿಬಿಡುತ್ತಾರೆ. ಅಲ್ಲಿ ಮೊದಲು ಕರುವಿಗೆ ಉಪಚಾರ ನಡೆಯಿತು. ವೈದ್ಯರ ಸಲಹೆಯನ್ನು ಪಡೆದರು. ಗುಣವಾಗುವ ಆಸೆಯಿಲ್ಲವೆಂದು ತಿಳಿದು, ಮಗ್ಗುಲು ಹೊರಳಿಸಿದರೂ ನರಳುವ ಸ್ಥಿತಿಯನ್ನು ಕಣ್ಣಾರೆ ಕಂಡು, ಆಶ್ರಮವಾಸಿಗಳಲ್ಲಿ ಚರ್ಚಿಸಿ, ಆಮೇಲೆ ಆ ತೀರ್ಮಾನಕ್ಕೆ ಬಂದರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದವು ಇಂದಿಗೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ವೈದ್ಯರನ್ನು ಕರೆಸದೆ, ಒಂದು ಹನಿ ಗಿಣ್ಣವನ್ನು ಕುಡಿಸದೆ, ಕರುವನ್ನು ಬಯಲಿಗೆ ಎಳೆದು ಹಾಕುವವನಿಗೆ ಸಾಬರಮತಿಯ ಹೆಸರೆತ್ತುವ ಹಕ್ಕಿಲ್ಲ. ಇದೇ ಗಾಂಧಿಯವರು 1924ರ ಡಿಸೆಂಬರದಲ್ಲಿ ನೆರೆಯ ಬೆಳಗಾವಿಯ ಗೋರಕ್ಷಣ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಗೋವನ್ನು ಪೂಜಿಸುವವರೇ ಅದನ್ನು ಹಸಿವೆಗೆಡವುವ, ಎತ್ತನ್ನು ಹಿಂಸಿಸುವ ಬಗೆಯನ್ನು ಅವರು ಮೇಲಿಂದ ಮೇಲೆ ಬರೆದು ಖಂಡಿಸುತ್ತಿದ್ದರು.

ರಾಜಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹೂಡಿದ ಹಟದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣ ಕಾಯ್ದೆಯು ರೋಗದ, ಅಶಕ್ತವಾದ ಪಶುವನ್ನು ದುಡಿಸುವದನ್ನೂ, ಒಡೆಯನಾದವನು ಮೇವು ನೀರು ಆಸರೆಗಳನ್ನು ಕೊಡದಿರುವದನ್ನೂ, ಹಸಿವೆ ನೀರಡಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ಪಶುವನ್ನು ತೊರೆದು ಬಿಡುವದನ್ನೂ ಅಪರಾಧವೆಂದು ಎಣಿಸಿತು. ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಕಾಯ್ದೆಯು ಪರಾಶರರ ಮಾತನ್ನೇ ಹೇಳಿತು, ಆದರೆ ಬಲು ಅಗ್ಗವಾಗಿ ಹೇಳಿತು. ಕಾಯ್ದೆಗೆ ಅಂಜಿ ಕರುವನ್ನು ಸಾಕುವವನು ಈವರೆಗೆ ಹುಟ್ಟಿಲ್ಲ.

ಎಷ್ಟು ಕಟ್ಟಿದರೂ ನೆಟ್ಟಗಾಗದೆ ಉಳಿದ ಕಾಲುಗಳ ಮಾತೊಂದು ಬಾಕಿಯಿದೆ. ಕಲಿತ ಮನೆಗಳಲ್ಲಿಯೂ ಆರಂಭಶೂರತ್ವವು ಇಲ್ಲಿಯೇ ಸೋಲುವದು. ಇಂಥ ಪಶುವಿಗೆ ಎರೆಯ ಸೀಮೆಯ ಮಳೆಗಾಲವೇ ದೊಡ್ಡ ವೈರಿ. ಎರೆಮಣ್ಣು ಗೊರಸಿಗೆ ಮೆತ್ತಿ ಸೇರಿನ ಭಾರವಾಗುವದು. ಒಳ್ಳೆಯ ಮೂರು ಕಾಲುಗಳೂ ಜಾರುವವು. ಕೊಟ್ಟಿಗೆಯಲ್ಲಿ ನುಣುಪಾದ ಫರಸಿಯ ನೆಲವಿದ್ದರೆ ಅದರ ಮೇಲೆ ಮರಳು, ಮರಳಿನ ಮೇಲೆ ಹೊಟ್ಟು ಇಲ್ಲವೆ ಒಣಹುಲ್ಲು ಹರವಿ, ದಿನಾಲು ಬದಲಿಸಬೇಕು. ಒಂದೇ ಮಗ್ಗುಲಿಗೆ ಮಲಗಲು ಬಿಡದೆ ಹೊರಳಿಸಬೇಕು; ಇಲ್ಲವಾದರೆ ಎಲುಬಿನ ಮೇಲೆ ಹುಣ್ಣು ಬೀಳುವವು. ಊರದ ಕಾಲಿನ ಗೊರಸು ಸವೆಯದೆ ಬೆಳೆದು ಸುರುಳಿಯಾಗುವದರಿಂದ ಕೆಲವು ತಿಂಗಳಿಗೊಮ್ಮೆ ಬಲ್ಲವರಿಂದ ಕತ್ತರಿಸಬೇಕು. ಭಾರವೆಲ್ಲ ಬೀಳುವ ಎದುರುಗಾಲಿನ ಗೊರಸನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಗೋದಲಿಯನ್ನು ತಗ್ಗಿಸಿ, ನೀರಿನ ಬಾನಿಯನ್ನು ಬಾಯಿಗೆ ನಿಲುಕುವಂತೆ ಇಡಬೇಕು. ಬಲವಾದ ದನಗಳೊಡನೆ ಕಟ್ಟಿದರೆ ಅವು ಹಾಯ್ದು ಕೆಡವುವವು. ಮೈ ಹೆಚ್ಚು ಬೆಳೆಯಗೊಡಬಾರದು. ಕೊಬ್ಬು ಏರಿದಷ್ಟು ಕಾಲಿಗೆ ಭಾರ. ದನದ ದವಾಖಾನೆಯು ದೂರವಿದ್ದ ಹಳ್ಳಿಯವರು 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸರಕಾರದ ಸಂಚಾರಿ ಪಶುಚಿಕಿತ್ಸೆಯ ಗಾಡಿಯನ್ನು ಮನೆಯ ಬಾಗಿಲಿಗೆ ಕರೆಸಿಕೊಳ್ಳಬಹುದು. ಆಕಳು ಈಯುವ ದಿನಗಳು ಹತ್ತಿರ ಬಂದಾಗಲೇ ಆ ಸಂಖ್ಯೆಯನ್ನು ಕೊಟ್ಟಿಗೆಯ ಕಂಬದ ಮೇಲೆ ಸುಣ್ಣದಿಂದ ಬರೆದಿಡುವದು ಒಳ್ಳೆಯದು. ರಾತ್ರಿ ಕರು ಬಿದ್ದಾಗ ಯಾರ ನೆನಪಿನ ಮೇಲೂ ಭರವಸೆಯಿಡಲಾಗದು.